ಐವತ್ತು ನಿಮಿಷದ ದಾರಿ

ನನ್ನ ಮೈದುನನನ್ನು ಮನೆಯಲ್ಲಿ ಎಲ್ಲರೂ ಪೈಲಟ್ ಎಂದೇ ಕರೆಯುತ್ತಾರೆ. ಅವನು ವಿಮಾನ ಓಡಿಸುವುದಿಲ್ಲ. ವಿಮಾನ ಹತ್ತಿದವನೂ ಅಲ್ಲ. ಅಷ್ಟೇಕೆ, ನಮ್ಮ ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ಬಗ್ಗಿ ನೋಡಿದರೆ ಅವನಿಗೆ ತಲೆ ಸುತ್ತುತ್ತದೆ. ಆ ಹೆಸರು ಇಟ್ಟವರು ನಮ್ಮ ಅತ್ತೆ, ಹೆಮ್ಮೆಯಿಂದ. ನಾನೂ ಹಾಗೇ ಕರೆಯುತ್ತೇನೆ, ಬೇರೆ ಕಾರಣಕ್ಕೆ.

ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವನು ಒಂದು ವೆಬ್‌ಸೈಟ್ ನಡೆಸುತ್ತಿದ್ದ. ಜಗತ್ತಿನ ಯಾವ ಎರಡು ಊರಿನ ಹೆಸರು ಕೊಟ್ಟರೂ ಅವುಗಳ ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂದು ಅದು ಹೇಳುತ್ತದೆ. ದೊಡ್ಡ ವಿದ್ಯೆಯೇನೂ ಅಲ್ಲ. ಯಂತ್ರ ನಕ್ಷೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆಯುತ್ತದೆ, ವಿಮಾನದ ವೇಗದಿಂದ ಭಾಗಿಸುತ್ತದೆ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಒಂದಿಷ್ಟು ಸೇರಿಸುತ್ತದೆ, ಪುಟ ತಯಾರು. ಕೆಳಗೆ ಪೈಲಟ್‌ನ ಸ್ವಂತ ಸಾಹಿತ್ಯ: ‘ಈ ಪ್ರಯಾಣ ನಿಮ್ಮ ಬದುಕಿನ ಸವಿನೆನಪಾಗಲಿದೆ. ಹಗುರವಾದ ಬಟ್ಟೆ ಧರಿಸಿ. ನಿಲ್ದಾಣದ ಹೊರಗೆ ಟ್ಯಾಕ್ಸಿಗಳೂ ಉತ್ತಮ ಕಾಫಿಯೂ ಲಭ್ಯ.’ ವರ್ಷವಿಡೀ ಹಿಮ ಬೀಳುವ ದ್ವೀಪಕ್ಕೂ ಇದೇ ಹಗುರವಾದ ಬಟ್ಟೆ. ಒಮ್ಮೆ ಕೇಳಿದ್ದಕ್ಕೆ, "ಅತ್ತಿಗೆ, ಅಲ್ಲಿಗೆ ಯಾರು ಹೋಗ್ತಾರೆ ಬಿಡಿ" ಎಂದ. ಯಾರೂ ಹೋಗದ ಊರಿಗೆ ದಾರಿ ಹೇಳಿ ಜಾಹೀರಾತಿನಿಂದ ತಿನ್ನುವ ಮನುಷ್ಯ ಅವನು.

ನಾನು ಹಲ್ಲು ಮಾಡುತ್ತೇನೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣ ಕಟ್ಟಿ, ಹಲ್ಲು ಜೋಡಿಸಿ, ವಸಡು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಹಲ್ಲುಸೆಟ್ಟು ವಾಪಸ್ ಕಳಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ಎತ್ತರವಾದರೂ ಹಾಕಿಕೊಂಡ ಮುದುಕ ಊಟ ಮಾಡಲಾರ, ಮಾರನೇ ದಿನ ಸೆಟ್ಟು ನನ್ನ ಮೇಜಿಗೆ ವಾಪಸ್. ಮೇಜು ಎಂದೆನೇ? ಮೇಜೆಲ್ಲಿತ್ತು! ಅಡುಗೆಮನೆಯ ಸಿಂಕಿನ ಪಕ್ಕದ ಕಟ್ಟೆಯ ಮೇಲೆ, ಒಂದು ಕಡೆ ಪಾತ್ರೆ, ಇನ್ನೊಂದು ಕಡೆ ಯಾರದೋ ದವಡೆ. ಉಜ್ಜುವ ಮೋಟರು ಹಚ್ಚಿದರೆ ವಸಡಿನ ಗುಲಾಬಿ ಪುಡಿ ಹಾರಿ ಹಾಲಿನ ಮೇಲೆ ಕೂರುತ್ತಿತ್ತು. ಅತ್ತೆ ಮೂಗು ಮುರಿಯುತ್ತಿದ್ದರು. ಮೂಗು ಮುರಿದುಕೊಂಡೇ ನಾನು ದುಡಿದು ತಂದದ್ದನ್ನು ತಿನ್ನುತ್ತಿದ್ದರು.

ಮುಂದಿನ ಕೋಣೆ ನನ್ನದಾಗಬೇಕಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಆ ಕೋಣೆಯ ಬಾಗಿಲು ತೆಗೆದು, "ನೋಡು, ನಿನ್ನ ಕೆಲಸಕ್ಕೆ" ಎಂದಿದ್ದರು. ಎರಡು ಕಿಟಕಿ, ಧಾರಾಳ ಬೆಳಕು. ಆಮೇಲೆ ಪೈಲಟ್ ತನ್ನ ಕಂಪ್ಯೂಟರ್ ಹೊತ್ತು ತಂದ, ನಾಲ್ಕು ದಿನಕ್ಕೆ ಅಂತ. ಕಿಟಕಿಗೆ ದಪ್ಪ ಪರದೆ ಹಾಕಿಸಿಕೊಂಡ, ಕಂಪ್ಯೂಟರಿನ ಮೇಲೆ ಬೆಳಕು ಬೀಳಬಾರದಂತೆ. ಕೇಳಿದಾಗಲೆಲ್ಲ ಗಂಡನ ಬಾಯಲ್ಲಿ ಒಂದೇ ಮಾತು: "ಅವನಿಗೊಂದು ಮದುವೆ ಆಗ್ಲಿ ಮಾರಾಯ್ತಿ, ಆಮೇಲೆ ರೂಮು ನಿಂದೇ." ನನ್ನ ಗಂಡ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಗೆ ವ್ಯಾನು ಓಡಿಸುತ್ತಾರೆ. ಊರಿನ ಕೊಳೆಯನ್ನೆಲ್ಲ ಹೊತ್ತು ತಂದು ಒಗೆಸುವ ಮನುಷ್ಯನಿಗೆ ಸ್ವಂತ ತಮ್ಮನನ್ನು ಒಂದು ಕೋಣೆಯಿಂದ ಎಬ್ಬಿಸುವ ತಾಕತ್ತಿರಲಿಲ್ಲ.

ಸರಿ, ಮದುವೆ ತಾನೇ ಎಂದು ನಾನೇ ಟೊಂಕ ಕಟ್ಟಿದೆ.

ನನಗೆ ಅಚ್ಚು ಕಳಿಸುವ ವೈದ್ಯರಲ್ಲಿ ಒಬ್ಬಳು ಹುಡುಗಿ ಇದ್ದಳು. ನಮ್ಮೂರಲ್ಲಿ ಓದಿ, ಬೆಟ್ಟಸಾಲಿನ ಆಚೆಗಿರುವ ತನ್ನೂರಿಗೆ ಹೋಗಿ, ಅಪ್ಪನ ಮನೆಯ ಕೆಳಗೇ ಕ್ಲಿನಿಕ್ ತೆರೆದಿದ್ದಳು. ನಾನು ಡಾಕ್ಟರಮ್ಮ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳು ತೆಗೆದ ಅಚ್ಚಿನಲ್ಲಿ ಒಂದೇ ಒಂದು ಗಾಳಿಗುಳ್ಳೆ ಇರುತ್ತಿರಲಿಲ್ಲ. ದೊಡ್ಡ ಬೋರ್ಡು ಹಾಕಿಕೊಂಡ ವೈದ್ಯರು ಕಳಿಸುವ ಅಚ್ಚು ನೋಡಿದರೆ ರೋಗಿ ನಡುವೆ ಎದ್ದು ಓಡಿದ್ದಾನೇನೋ ಅನ್ನಿಸುತ್ತದೆ, ಇವಳದು ಹಾಗಲ್ಲ. ನಾನು ಮನಸಾರೆ ಮೆಚ್ಚಿದ ಮನುಷ್ಯರು ಕಡಿಮೆ, ಅವರಲ್ಲಿ ಇವಳೊಬ್ಬಳು.

ಒಂದು ದಿನ ಫೋನಿನಲ್ಲಿ ಅವಳು, "ಅಕ್ಕ, ಒಬ್ಬಳೇ ಆಗಲ್ಲ ಕಣ್ರೀ. ಕಂಪ್ಯೂಟರು, ಬಿಲ್ಲು, ಪೇಷೆಂಟುಗಳ ಫೋನು, ಎಲ್ಲಾ ನಾನೇ. ಅಪ್ಪ ಬೇರೆ ಮದುವೆ ಮದುವೆ ಅಂತಾರೆ" ಎಂದಳು. ನಾನು ಬಾಯಿ ತೆರೆದೆ. ನಮ್ಮ ಮೈದುನ ಇದ್ದಾನೆ, ಕಂಪ್ಯೂಟರಿನಲ್ಲಿ ಎತ್ತಿದ ಕೈ, ತನ್ನಪಾಡಿಗೆ ತಾನಿರುವ ಹುಡುಗ, ನಿಮ್ಮೂರಿಗೇ ಬಂದು ಇರುತ್ತಾನೆ, ಕೆಟ್ಟ ಚಟ ಒಂದೂ ಇಲ್ಲ. ಒಂದೂ ಸುಳ್ಳಲ್ಲ. ಚಟ ಬೆಳೆಸಿಕೊಳ್ಳಲಿಕ್ಕೂ ಮನೆಯಿಂದ ಹೊರಗೆ ಕಾಲಿಡಬೇಕಲ್ಲ.

ಅವಳು ಒಮ್ಮೆ ಬಂದು ನೋಡಿ ಹೋದಳು. ಅವತ್ತು ಪೈಲಟ್‌ಗೆ ಬಾಯಿ ಮುಚ್ಚಿಕೊಂಡು ಕೂರಲು ಹೇಳಿದ್ದೆ, ಹಾಗೇ ಕೂತ. ಮಿತಭಾಷಿ ಎಂದು ಅವಳಿಗೆ ಹಿಡಿಸಿತು. ಆಡಂಬರ ಬೇಡ, ಅವಳೂರಿನ ನೋಂದಣಿ ಕಚೇರಿಯಲ್ಲೇ ಸಹಿ ಹಾಕಿ ಮದುವೆ ಎಂದಾಯಿತು. ಕಚೇರಿಯವರು ಬೆಳಗ್ಗೆ ಹನ್ನೊಂದಕ್ಕೆ ಬರಲು ಹೇಳಿದ್ದರು. ನಾನು ಆಗಲೇ ಮನಸ್ಸಿನಲ್ಲಿ ಆ ಪರದೆಗಳನ್ನು ಕಿತ್ತು ನೆಲ ಒರೆಸುವ ಬಟ್ಟೆ ಮಾಡಿದ್ದೆ.

"ಹಿಂದಿನ ದಿನವೇ ಹೋಗಿ ಉಳಿದುಕೊಳ್ಳೋಣ" ಎಂದೆ.

ಪೈಲಟ್ ನಕ್ಕ. ಅವನ ಆ ನಗು ಒಂದಿದೆ, ಪಾಠ ಬಾರದ ಹುಡುಗನನ್ನು ಮೇಷ್ಟರು ನೋಡಿ ನಗುವ ಹಾಗೆ. "ಅತ್ತಿಗೆ, ಐವತ್ತು ನಿಮಿಷದ ದಾರಿ. ನನ್ನ ಸೈಟಲ್ಲೇ ಇದೆ, ನೋಡಿ. ಬೆಳಗ್ಗೆ ಕಾಫಿ ಇಲ್ಲಿ ಕುಡಿದು ಹೊರಟ್ರೆ ಇನ್ನೊಂದು ಕಾಫಿ ಅಲ್ಲಿ."

"ಟಿಕೆಟ್?"

"ಐವತ್ತು ನಿಮಿಷಕ್ಕೆ ಯಾರಾದ್ರೂ ತಿಂಗಳ ಮೊದ್ಲೇ ಟಿಕೆಟ್ ಮಾಡ್ತಾರಾ? ಸಿಟಿ ಬಸ್ಸಿಗೆ ಮಾಡ್ತೀರಾ? ಸಣ್ಣ ರೂಟಲ್ಲಿ ಕೊನೇ ಗಳಿಗೇಲಿ ರೇಟು ಇಳಿಯುತ್ತೆ. ಅದರ ಬಗ್ಗೆ ನಾನೇ ಒಂದು ಲೇಖನ ಬರೆದಿದೀನಿ."

"ಅವನಿಗೆ ಗೊತ್ತಿಲ್ವಾ ವಿಮಾನದ ವಿಷ್ಯ?" ಎಂದರು ಅತ್ತೆ. "ಇಡೀ ಪ್ರಪಂಚ ಇವನನ್ನ ಕೇಳಿ ಹೋಗುತ್ತೆ. ನೀನು ಹಲ್ಲು ನೋಡ್ಕೋ."

ನಾನು ಹಲ್ಲು ಕಚ್ಚಿ ಸುಮ್ಮನಾದೆ. ಮದುವೆ ಆಗುವವರೆಗೆ ಅವನನ್ನು ಕೆಣಕಬಾರದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡಿದ್ದೆ.

ಮದುವೆಯ ಬೆಳಗ್ಗೆ ನಾಲ್ವರೂ ವ್ಯಾನಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟೆವು. ಮುಂದೆ ಗಂಡ, ಅವರ ಪಕ್ಕ ಅತ್ತೆ. ಹಿಂದೆ ಹೋಟೆಲಿನ ಬೆಡ್‌ಶೀಟುಗಳ ಗಂಟಿನ ಮೇಲೆ ನಾನು ಮತ್ತು ಸೂಟು ಹಾಕಿದ ಪೈಲಟ್. ಅರ್ಧ ದಾರಿಯಲ್ಲಿ ಅವನು ಮೆಲ್ಲಗೆ, "ನಿನ್ನೆ ಸಂಜೆ ಬುಕ್ ಆಗ್ಲಿಲ್ಲ ಅತ್ತಿಗೆ. ಅವರ ಸರ್ವರ್ ಏನೋ ತೊಂದರೆ. ಕೌಂಟರಲ್ಲಿ ತಗೊಂಡ್ರಾಯ್ತು" ಎಂದ.

ಕೌಂಟರಿನಲ್ಲಿದ್ದ ಹುಡುಗಿ ಊರಿನ ಹೆಸರನ್ನು ಎರಡು ಸಲ ಕೇಳಿದಳು. ಕಂಪ್ಯೂಟರ್ ನೋಡಿದಳು. ಪಕ್ಕದವಳನ್ನು ಕೇಳಿದಳು. ಆಮೇಲೆ, "ಸರ್, ಅಲ್ಲಿಗೆ ವಿಮಾನ ಇಲ್ಲ" ಎಂದಳು.

"ಇವತ್ತು ಇಲ್ವಾ?"

"ಯಾವತ್ತೂ ಇಲ್ಲ ಸರ್. ಯಾವ ಕಂಪನೀದೂ ಇಲ್ಲ."

"ಹೇಗೆ ಇಲ್ಲ ಅಂತೀರಿ? ಐವತ್ತು ನಿಮಿಷ ಅಂತ ಇಂಟರ್ನೆಟ್ಟಲ್ಲಿ ಇದೆಯಲ್ಲ!" ಪೈಲಟ್ ಮೊಬೈಲು ತೆಗೆದು ಅವಳ ಮೂಗಿನ ಮುಂದೆ ಹಿಡಿದ. ಅವನೇ ಬರೆದ ಪುಟ, ಅವನದೇ ಹಗುರವಾದ ಬಟ್ಟೆ, ಅವನದೇ ಉತ್ತಮ ಕಾಫಿ.

ಅವಳು ಪಾಪ ತಾಳ್ಮೆಯಿಂದ ಓದಿದಳು. "ಇದು ಯಾವುದೋ ಬುರುಡೆ ಸೈಟು ಸರ್. ಇವರು ಸುಮ್ನೆ ಲೆಕ್ಕ ಹಾಕಿ ಬರೀತಾರೆ. ನಿಮ್ಮ ಥರ ಎಷ್ಟೋ ಜನ ಬಂದು ಕೇಳ್ತಾರೆ."

ಬೇರೆ ದಿನವಾಗಿದ್ದರೆ ಆ ಹುಡುಗಿಗೆ ನಾನು ಹಣೆಗೊಂದು ಮುತ್ತು ಕೊಡುತ್ತಿದ್ದೆ. ಪೈಲಟ್‌ನ ಮುಖ ನೋಡಿದೆ. ನಾಚಿಕೆಯ ಒಂದು ಗೆರೆಯಾದರೂ ಇದೆಯೇ ಅಂತ. ಇರಲಿಲ್ಲ. ಅವನು ನನ್ನ ಕಡೆ ತಿರುಗಿ, "ಇವರಿಗೆ ಅಪ್‌ಡೇಟ್ ಇರಲ್ಲ ಅತ್ತಿಗೆ" ಎಂದ. ಊರುಗಳ ನಡುವೆ ದೂರ ಅಳೆದು ಅಳೆದು, ಆ ದೂರದಲ್ಲಿ ನಿಜಕ್ಕೂ ಒಂದು ವಿಮಾನ ಹಾರುತ್ತದೆಯೇ ಎಂದು ಈ ಬೆಪ್ಪುತಕ್ಕಡಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬೇರೆಯವರ ಕಿವಿಗೆ ಹೂವಿಡುವವರನ್ನು ನಾನು ಕಂಡಿದ್ದೇನೆ. ತನ್ನ ಕಿವಿಗೆ ತಾನೇ ಇಟ್ಟುಕೊಂಡು ತಿರುಗುವವನನ್ನು ಕಂಡದ್ದು ಅವತ್ತೇ.

"ವ್ಯಾನಲ್ಲೇ ನಡೀರಿ" ಎಂದೆ ಗಂಡನಿಗೆ. ಗೆರೆ ಎಳೆದರೆ ಬೆಟ್ಟದ ನೆತ್ತಿಯ ಮೇಲೆ ಹೋಗುತ್ತದೆ; ರಸ್ತೆಗೆ ಆ ಭಾಗ್ಯ ಇಲ್ಲ, ಇಡೀ ಸಾಲನ್ನು ಬಳಸಿಕೊಂಡು ಹೋಗಬೇಕು. ಹನ್ನೊಂದಕ್ಕೆ ತಲುಪುವ ಮಾತೇ ಇರಲಿಲ್ಲ. ಕಚೇರಿಯವರ ಕೈಕಾಲು ಹಿಡಿದು ಮಧ್ಯಾಹ್ನಕ್ಕಾದರೂ ಸಹಿ ಹಾಕಿಸಬಹುದು ಎಂಬುದೊಂದೇ ಆಸೆ. ಗಂಡ ಒಂದು ಮಾತೂ ಆಡದೆ ಗೇರು ಹಾಕಿದರು. ಮಾತಾಡದೆ ಗೇರು ಹಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಊರು ದಾಟುವಷ್ಟರಲ್ಲಿ ಡಾಕ್ಟರಮ್ಮನ ಫೋನು ಬಂತು, ಪೈಲಟ್‌ಗೆ. ಪಕ್ಕದಲ್ಲೇ ಕೂತಿದ್ದರಿಂದ ಅವಳ ದನಿ ನನಗೂ ಕೇಳುತ್ತಿತ್ತು.

"ಎಲ್ಲಿದೀರಿ?"

ನಿಜ ಹೇಳು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆನೇ? ಇಲ್ಲ. ಏನು ಹೇಳುತ್ತಾನೋ ನೋಡೋಣ ಎಂದು ಕೂತೆ.

"ವಿಮಾನದಲ್ಲಿ" ಎಂದ ಪೈಲಟ್, ಬೆಡ್‌ಶೀಟಿನ ಗಂಟಿಗೆ ಒರಗಿಕೊಂಡು. "ಸ್ವಲ್ಪ ತಡ ಆಗಿದೆ. ಮೋಡ. ಇನ್ನೇನು ಹಾರುತ್ತೆ."

"ಇನ್ನೂ ವಿಮಾನದಲ್ಲಾ? ಎಲ್ಲಿ ಇಳೀತೀರಿ?"

"ನಿಮ್ಮೂರಲ್ಲೇ! ಐವತ್ತು ನಿಮಿಷ."

"ಓ. ಅಕ್ಕನೂ ಇದಾರಾ?"

"ಪಕ್ಕದ ಸೀಟಲ್ಲೇ ಇದಾರೆ. ಕಿಟಕಿ ಅವರಿಗೇ ಬಿಟ್ಟುಕೊಟ್ಟೆ."

"ಹಾಗಾದ್ರೆ ನಾನೂ ಅಪ್ಪನೂ ಏರ್‌ಪೋರ್ಟಿಗೇ ಬಂದು ಕಾಯ್ತೀವಿ" ಎಂದಳು ಅವಳು. ದನಿಯಲ್ಲಿ ಏನೂ ಗೊತ್ತಾಗಲಿಲ್ಲ.

ಫೋನು ಇಟ್ಟ ಪೈಲಟ್‌ಗೆ ಗಾಬರಿಯಾಗಬೇಕಿತ್ತು. ಬದಲಿಗೆ ಅವನಿಗೆ ಹುರುಪು ಬಂತು. "ಅಣ್ಣಾ, ನೇರ ಏರ್‌ಪೋರ್ಟಿಗೆ ನಡಿ. ವ್ಯಾನು ಹಿಂದೆ ಎಲ್ಲಾದ್ರೂ ನಿಲ್ಲಿಸು. ನಾವು ಪಕ್ಕದ ಬಾಗಿಲಿಂದ ಒಳಗೆ ಹೋಗಿ, ಪ್ಯಾಸೆಂಜರ್ ಬರೋ ಗೇಟಿಂದ ಬ್ಯಾಗು ಹಿಡ್ಕೊಂಡು ಹೊರಗೆ ಬರೋಣ. ಅವಳಿಗೇನು ಗೊತ್ತಾಗುತ್ತೆ?"

ವಿಮಾನ ಮಾತ್ರ ಇಲ್ಲ, ನಿಲ್ದಾಣ ಇದೆ ಎಂದು ಅವನ ನಂಬಿಕೆ. ಸೈಟಿನಲ್ಲಿತ್ತಲ್ಲ! ಅತ್ತೆ ಮುಂದಿನ ಸೀಟಿನಲ್ಲಿ ಕೂತು ಅಭ್ಯಾಸ ಶುರು ಮಾಡಿಯೇಬಿಟ್ಟರು: "ಮೋಡ ಅಂದ್ರೆ ಮೋಡ ಕಣಮ್ಮ, ಏನೂ ಕಾಣಿಸ್ತಾನೇ ಇರ್ಲಿಲ್ಲ. ಹೀಗೆ ಹೇಳಿದ್ರೆ ಸಾಕೇನೋ?" ಗಂಡ ಕನ್ನಡಿಯಲ್ಲಿ ನನ್ನ ಮುಖ ನೋಡಿ ಕಣ್ಣು ತಪ್ಪಿಸಿದರು. ಬೆನ್ನುಮೂಳೆ ಇಲ್ಲದ ಮಗ, ತಲೆ ಇಲ್ಲದ ಮಗ, ಇಬ್ಬರನ್ನೂ ಹೆತ್ತು ಹೆಮ್ಮೆಪಡುವ ತಾಯಿ. ಆ ವ್ಯಾನಿನಲ್ಲಿ ಗೌರವಕ್ಕೆ ಅರ್ಹವಾದದ್ದು ಒಗೆದ ಬೆಡ್‌ಶೀಟು ಮಾತ್ರ ಎಂದುಕೊಂಡೆ.

"ಅತ್ತಿಗೆ, ನೀವೂ ಹಾಗೇ ಹೇಳ್ಬೇಕು" ಎಂದ ಪೈಲಟ್. "ನಿಮ್ಮ ಮಾತನ್ನ ಅವಳು ನಂಬ್ತಾಳೆ."

"ಸರಿ" ಎಂದೆ. ಅವನ ಮುದುಡಿದ ಕಾಲರನ್ನು ಕೈಯಿಂದ ಸರಿಮಾಡಿದೆ. ಕೋಣೆಗೆ ಎರಡು ಕಿಟಕಿ ಇತ್ತು, ಹೇಳಿದೆನಲ್ಲ.

ತಲುಪುವಾಗ ಬಿಸಿಲು ನೆತ್ತಿ ದಾಟಿತ್ತು. ಏರ್‌ಪೋರ್ಟ್ ಎಲ್ಲಿ ಎಂದು ದಾರಿಯಲ್ಲಿ ಒಬ್ಬರನ್ನು ಕೇಳಿದರೆ, "ಡ್ರೈವಿಂಗ್ ಕಲಿಯೋಕಾ?" ಎಂದರು. ಆಗಲೇ ನನಗೆ ಅರ್ಥವಾಯಿತು. ಪೈಲಟ್‌ಗೆ ಆಗಲಿಲ್ಲ.

ಅಲ್ಲಿ ಗೇಟಿರಲಿಲ್ಲ. ಅರ್ಧ ಬಿದ್ದ ಗೋಡೆ, ಅದರಾಚೆ ಬಿರುಕು ಬಿಟ್ಟ ಉದ್ದನೆಯ ಸಿಮೆಂಟು ಹಾಸು, ಬಿರುಕಿನಲ್ಲಿ ಹುಲ್ಲು. ಕಲಿಯುವವರ ನಾಲ್ಕಾರು ಕಾರುಗಳು ಅದರ ಮೇಲೆ ಬಿಕ್ಕಳಿಸುತ್ತ ಹೋಗುತ್ತಿದ್ದವು. ಯಾವುದೋ ಕಾಲದಲ್ಲಿ ಸಣ್ಣ ವಿಮಾನ ಬರುತ್ತಿತ್ತಂತೆ, ನಿಂತು ಎಷ್ಟೋ ವರ್ಷವಾಗಿತ್ತು. ನೆರಳಿಲ್ಲದ ಆ ಹಾಸಿನ ಅಂಚಿನಲ್ಲಿ, ಒಂದು ಮುರುಕು ಕಂಬದ ಪಕ್ಕ, ಡಾಕ್ಟರಮ್ಮ ಹೊಸ ಬಟ್ಟೆ ಉಟ್ಟು ನಿಂತಿದ್ದಳು. ಪಕ್ಕದಲ್ಲಿ ಅವಳಪ್ಪ, ಛತ್ರಿ ಹಿಡಿದು.

ವ್ಯಾನು ನಿಲ್ಲಿಸಲು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಲಾಂಡ್ರಿಯ ಹೆಸರು ದೊಡ್ಡ ಅಕ್ಷರದಲ್ಲಿ ಬರೆದ ವ್ಯಾನಿನಿಂದ ನಾವು ಒಬ್ಬೊಬ್ಬರಾಗಿ ಅವಳ ಕಣ್ಣೆದುರೇ ಇಳಿದೆವು. ಪೈಲಟ್ ಬ್ಯಾಗು ಹಿಡಿದೇ ಇಳಿದ.

"ಬನ್ನಿ" ಎಂದಳು. "ಪ್ರಯಾಣ ಹೇಗಿತ್ತು?"

ಯಾರಿಗಾದರೂ ಅಲ್ಲಿಗೆ ಬಾಯಿ ಕಟ್ಟಬೇಕು. ಅತ್ತೆಗೆ ಕಟ್ಟಲಿಲ್ಲ. "ಮೋಡ ಅಂದ್ರೆ ಮೋಡ ಕಣಮ್ಮ" ಎಂದರು. "ಏನೂ ಕಾಣಿಸ್ತಾನೇ ಇರ್ಲಿಲ್ಲ."

ಅವಳಪ್ಪ ಛತ್ರಿ ಸರಿಸಿ ಆಕಾಶ ನೋಡಿದರು. ಬೋಳು ಆಕಾಶ. ಪೈಲಟ್ ಸಿಮೆಂಟು ಹಾಸನ್ನೇ ದಿಟ್ಟಿಸುತ್ತ, "ಇದನ್ನ ಏರ್‌ಪೋರ್ಟುಗಳ ಪಟ್ಟಿಯಿಂದ ತೆಗೀಬೇಕಿತ್ತು ಅವರು" ಎಂದ. ಅವರು ಅಂದರೆ ಯಾರು ಎಂದು ಯಾರೂ ಕೇಳಲಿಲ್ಲ.

"ಅಕ್ಕ, ಸ್ವಲ್ಪ ಬರ್ತೀರಾ?" ಎಂದು ಅವಳು ನನ್ನನ್ನು ಗೋಡೆಯ ಕಡೆಗೆ ಕರೆದೊಯ್ದಳು. "ಫ್ಲೈಟಲ್ಲಿ ಬರ್ತೀವಿ ಅಂದಾಗ, ದೊಡ್ಡ ಊರಲ್ಲಿ ಇಳಿದು ಕಾರಲ್ಲಿ ಬರ್ತಾರೆ ಅಂದ್ಕೊಂಡಿದ್ದೆ, ಎಲ್ಲರ ಹಾಗೆ. ನಮ್ಮೂರಲ್ಲೇ ಇಳೀತೀವಿ ಅಂದಾಗ ಸುಳ್ಳು ಅಂತ ಗೊತ್ತಾಯ್ತು. ನೀವು ಹೇಳಿ, ಏನು ನಡೀತು? ನೀವು ಹೇಳಿದ್ದನ್ನ ನಂಬ್ತೀನಿ. ಆಫೀಸು ಇನ್ನೂ ತೆಗೆದಿದೆ, ಅಪ್ಪ ಹೋಗಿ ಮಾತಾಡಿದಾರೆ. ದಾರೀಲಿ ವ್ಯಾನು ಕೆಟ್ಟಿತ್ತು, ಹೇಳೋಕೆ ನಾಚಿಕೆ ಆಯ್ತು ಅಂದ್ರೂ ಸರಿ, ಸಹಿ ಹಾಕ್ತೀನಿ."

ಇಷ್ಟು ಸಲೀಸಾಗಿ ಯಾರೂ ನನ್ನ ಕೈಗೆ ಆ ಕೋಣೆಯ ಕೀಲಿಕೈ ಇಟ್ಟಿರಲಿಲ್ಲ. ಸುಳ್ಳನ್ನೂ ಅವಳೇ ಒದಗಿಸಿದ್ದಳು, ನಾನು ತಲೆಯಾಡಿಸಿದರೆ ಸಾಕಿತ್ತು. ತಿರುಗಿ ಪೈಲಟ್ ಕಡೆ ನೋಡಿದೆ. ಅವನು ಮೊಬೈಲಿನಲ್ಲಿ ರನ್‌ವೇಯ ಫೋಟೊ ತೆಗೆಯುತ್ತಿದ್ದ, ಸೈಟಿಗೆ ಹಾಕಲು. ಇಂಥವನ ಪಕ್ಕ ಈ ಹುಡುಗಿ ಜೀವನವಿಡೀ ಕೂರಬೇಕು ಎಂದು ನೆನೆದಾಗ ನನಗೆ ಹೇಸಿಗೆಯಾಯಿತು.

ಎಲ್ಲವನ್ನೂ ಹೇಳಿಬಿಟ್ಟೆ. ಸೈಟು, ಕೌಂಟರು, ಗೇಟಿನಿಂದ ಹೊರಬರುವ ಯೋಜನೆ. ಇವನು ಸೋಮಾರಿ, ಸುಳ್ಳ, ಅದಕ್ಕಿಂತ ಹೆಚ್ಚಾಗಿ ದಡ್ಡ, ತನ್ನ ದಡ್ಡತನ ತನಗೇ ಗೊತ್ತಿಲ್ಲದ ದಡ್ಡ ಎಂದೆ. ಹೇಳುತ್ತ ಹೇಳುತ್ತ ಎದೆ ಹಗುರವಾಯಿತು. ಒಂದು ಒಳ್ಳೆಯ ಹುಡುಗಿಯನ್ನು ಉಳಿಸುತ್ತಿದ್ದೇನೆ, ಅದಕ್ಕಾಗಿ ನನ್ನ ಕೋಣೆಯನ್ನೇ ಬಿಟ್ಟುಕೊಡುತ್ತಿದ್ದೇನೆ ಎಂದು ಒಳಗೊಳಗೇ ಬೀಗಿದೆ. ಅವಳು ನನ್ನ ಕೈ ಹಿಡಿದುಕೊಂಡು ಅಳುತ್ತಾಳೆ ಎಂದುಕೊಂಡೆ.

ಅವಳು ಅಳಲಿಲ್ಲ. "ಇದೆಲ್ಲಾ ನಿಮಗೆ ಇವತ್ತು ಗೊತ್ತಾಯ್ತಾ?" ಎಂದಳು.

ನಾನು ಸೆರಗಿಗೆ ಅಂಟಿದ್ದ ಹುಲ್ಲು ಕೀಳತೊಡಗಿದೆ.

"ಫೋನಲ್ಲಿ ಅವರು ಸುಳ್ಳು ಹೇಳ್ತಿದ್ದಾಗ ನೀವು ಪಕ್ಕದಲ್ಲೇ ಇದ್ರಿ."

"ಇದ್ದೆ."

"ಒಳ್ಳೆ ಹುಡುಗ ಅಂತ ನೀವೇ ಹೇಳಿದ್ರಿ, ಅಕ್ಕ. ನಿಮ್ಮ ಮಾತು ಅಂತ ಒಪ್ಪಿಕೊಂಡೆ. ಯಾಕೆ ಹಾಗೆ ಹೇಳಿದ್ರಿ?"

ಕೋಣೆಯ ವಿಷಯ ಹೇಳಿದೆ. ಬೆಳಕು, ಕಿಟಕಿ, ಸಿಂಕಿನ ಪಕ್ಕ ಕಳೆದ ವರ್ಷಗಳು. ಅವಳು ಪೂರ್ತಿ ಕೇಳಿಸಿಕೊಂಡಳು. ನಾನು ಪೈಲಟ್‌ನನ್ನು ನೋಡುವಂಥ ಕಣ್ಣಿನಿಂದ ಯಾರಾದರೂ ನನ್ನನ್ನು ನೋಡಬಹುದು ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ನಿಮ್ಮ ಮನೆ ರೂಮಿಂದ ಅವರನ್ನ ನೀವೇ ಎಬ್ಬಿಸಬಹುದಿತ್ತು" ಎಂದಳು. "ಅಷ್ಟಕ್ಕೆ ನಾನು ಯಾಕೆ ಬೇಕಿತ್ತು?"

ಅಪ್ಪನ ಛತ್ರಿಯ ಕೆಳಗೆ ಸೇರಿಕೊಂಡು ನಡೆದುಹೋದಳು. ತಿರುಗಿ ನೋಡಲಿಲ್ಲ. ಕಲಿಯುವವರ ಕಾರೊಂದು ಅವರಿಗೆ ದಾರಿ ಬಿಡಲು ಹೋಗಿ ನಿಂತುಬಿಟ್ಟಿತು.

ವಾಪಸ್ ಬರುವಾಗ ಅತ್ತೆ ಇಡೀ ದಾರಿ ಆ ಹುಡುಗಿಯ ಸೊಕ್ಕಿನ ಬಗ್ಗೆ ಮಾತಾಡಿದರು. ಪೈಲಟ್ ಗಂಟಿನ ಮೇಲೆ ನಿದ್ದೆ ಹೋದ. ಅವನ ಬಾಯಿ ತೆರೆದುಕೊಂಡಿತ್ತು. ಹಲ್ಲು ಮಾತ್ರ ಚೆನ್ನಾಗಿವೆ, ಒಪ್ಪಬೇಕು.

ಮಾರನೇ ಬೆಳಗ್ಗೆ ಎದ್ದವಳೇ ಮುಂದಿನ ಕೋಣೆಗೆ ಹೋಗಿ ಪರದೆಗಳನ್ನು ಕಿತ್ತೆ. ಕಂಪ್ಯೂಟರಿನ ತಂತಿಗಳನ್ನು ಒಂದೊಂದಾಗಿ ಎಳೆದು ಸುತ್ತಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ಏನೋ ಶುರು ಮಾಡಿದರು. ಮೋಟರು ಎತ್ತಿಕೊಂಡು ಅವರ ಎದುರಿಗೇ ನಡೆದೆ. ಅವರು ಪಕ್ಕಕ್ಕೆ ಸರಿದರು. ಗಂಡ ಹಲ್ಲುಜ್ಜುತ್ತಲೇ ಬಂದು ನೋಡಿದರು, ಬ್ರಷ್ಷು ಬಾಯಲ್ಲಿಟ್ಟುಕೊಂಡೇ, ಕಿಟಕಿಯ ಬಳಿಗೆ ನಾನು ಎಳೆಯುತ್ತಿದ್ದ ಕಂಪ್ಯೂಟರ್ ಮೇಜಿನ ಇನ್ನೊಂದು ತುದಿ ಹಿಡಿದರು. ಪೈಲಟ್ ಕಣ್ಣುಜ್ಜಿಕೊಂಡು, "ಅತ್ತಿಗೆ, ನಾನೆಲ್ಲಿ ಕೂತ್ಕೊಳ್ಲಿ?" ಎಂದ. ಸಿಂಕಿನ ಪಕ್ಕ ತೋರಿಸಿದೆ. ಹೋಗಿ ಕೂತ. ಅಷ್ಟೇ. ಕಾಫಿ ಆರುವಷ್ಟರಲ್ಲಿ ಮುಗಿದುಹೋಯಿತು.

ಈಗ ನಾನು ಎರಡು ಕಿಟಕಿಯ ಬೆಳಕಿನಲ್ಲಿ ಕೆಲಸ ಮಾಡುತ್ತೇನೆ. ಗುಳ್ಳೆ ತುಂಬಿದ ಅಚ್ಚುಗಳು ಬರುತ್ತಲೇ ಇವೆ, ಬೈದುಕೊಂಡು ಸರಿಮಾಡುತ್ತೇನೆ. ಬೆಟ್ಟದಾಚೆಯಿಂದ ಬರುತ್ತಿದ್ದ ಪಾರ್ಸೆಲು ನಿಂತಿದೆ. ಕೋಣೆ ಸಿಕ್ಕಿದ ದಿನವೇ, ಅವನನ್ನು ಎಬ್ಬಿಸಿದೆ ಎಂದು ಹೇಳಲು ಅವಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಆಮೇಲೆ ಎಷ್ಟೋ ಸಲ ಮಾಡಿದೆ.